ಕಚ್ಚಬಾರದೆಂದು ಕಲಿಸಿದ ಕಾಕು

ಮಗಳು ತಂದ ನಾಯಿಮರಿಗೆ ಹಾಸಲು ಏನಾದರೂ ಬೇಕಾಗಿತ್ತು. ಟ್ರಂಕಿನ ತಳದಲ್ಲಿ ಎಂದೋ ಕಟ್ಟಿಟ್ಟಿದ್ದ ಕಂಬಳಿಯ ತುಂಡೊಂದನ್ನು ಹೊರತೆಗೆದೆ. ಕೊಡವಿದೊಡನೆ ಉಣ್ಣೆಯೂ ಒಲೆಯ ಹೊಗೆಯೂ ಕೂಡಿದ ಹಳೆಯ ವಾಸನೆ ಎದ್ದಿತು... ಸುರೇಬಾನದ ನಮ್ಮ ಪಕ್ಕದ ಮನೆಯ ಕಾಕು ನೆನಪಾದರು.

ತೊಂಬತ್ತರ ದಶಕ. ನಾನು ರಾಮದುರ್ಗದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಕಾಕು ಭಾವನ, ಅಂದರೆ ಗಂಡನ ಅಣ್ಣನ, ಮನೆಯಲ್ಲಿದ್ದರು. ಇದ್ದರು ಎನ್ನುವುದಕ್ಕಿಂತ ದುಡಿಯುತ್ತಿದ್ದರು ಎನ್ನಬೇಕು. ಗಂಡನ ಪಾಲಿನ ಹೊಲ ಭಾವನ ಹೆಸರಿಗೆ ಸೇರಿತ್ತು. ಮದುವೆ, ಸೀಮಂತಗಳಲ್ಲಿ ಅವರು ಮುಂದೆ ಬರುವಂತಿರಲಿಲ್ಲ. ಊರು ಇದನ್ನು ಮರ್ಯಾದೆ ಎನ್ನುತ್ತಿತ್ತು. ಅದು ಅನ್ಯಾಯವಾಗಿತ್ತು.

ಆ ಮನೆಗೆ ಒಂದು ಮರಿ ಬಂತು. ಅದನ್ನು ಪಳಗಿಸುವ ಪದ್ಧತಿಯೊಂದಿತ್ತು. ದಲಿತರ ಕೇರಿಯ ಆಳುಗಳು ಹೊದೆಯುವಂಥ ಹಳೆಯ ಕಂಬಳಿಯನ್ನು ಕೋಲಿಗೆ ಸುತ್ತಿ ಭಾವ ಮರಿಗೆ ಬಡಿಯುತ್ತಿದ್ದರು. ಅದು ಕೆರಳಿ ಬಾಯಿ ಹಾಕಿದರೆ ರೊಟ್ಟಿ ಸಿಗುತ್ತಿತ್ತು.

“ವಾಸನಿ ಬಂತಂದ್ರ ಸಾಕು, ಮೈಮ್ಯಾಲ ಬೀಳಬೇಕು. ಹಿತ್ತಲ ಬಾವಿ ಕಡೆ ಕೇರಿಯಾವ ಒಬ್ಬನೂ ಹಾಯಬಾರದು,” ಎನ್ನುತ್ತಿದ್ದರು.

ಅಸ್ಪೃಶ್ಯತೆಯನ್ನು ಮಕ್ಕಳಿಗೆ ಕಲಿಸಿದ್ದು ಸಾಲದೆಂದು, ಇನ್ನೂ ಹಾಲು ಬಿಡದ ಪ್ರಾಣಿಗೂ ಕಲಿಸುತ್ತಿದ್ದರು.

ಭಾವ ಹೊಲಕ್ಕೆ ಹೋದ ಮೇಲೆ ಕಾಕು ಮರಿಯ ಹಗ್ಗ ಬಿಚ್ಚುತ್ತಿದ್ದರು. ಒಂದು ದಿನ, ಮೇವು ತಂದ ಆಳಿನ ಹತ್ತಿರ ಅವನ ಹರಿದ ಕಂಬಳಿಯ ತುಂಡೊಂದನ್ನು ಕೇಳಿದರು. ಆತ ಹಿಂಜರಿದ.

“ಮುಟ್ಟಬ್ಯಾಡ್ರಿ ಯವ್ವಾ, ಧಣ್ಯಾರು ಬೈತಾರ.”

“ನಿಮ್ಮ ಧಣಿ ಉಣ್ಣೋ ಜ್ವಾಳ ಯಾರು ಮುಟ್ಟಿದ್ದೋ? ತಾ ಯಪ್ಪಾ ಇಲ್ಲೆ.”

ಮರಿಯನ್ನು ಆ ತುಂಡಿನ ಮೇಲೆಯೇ ಮಲಗಿಸಿದರು, ಅದರ ಮೇಲೆಯೇ ಹಾಲುರೊಟ್ಟಿ ಉಣಿಸಿದರು. ಸೂಜಿಯಂಥ ಹಲ್ಲು ಬೆರಳಿಗೆ ತಾಗಿದೊಡನೆ “ಅಯ್ಯ!” ಎಂದು ಕೈ ಹಿಂತೆಗೆದು, ಬೆನ್ನು ತಿರುಗಿಸಿ ಕುಳಿತುಬಿಡುತ್ತಿದ್ದರು. ಹೊಡೆತವಿಲ್ಲ, ಬೈಗುಳವಿಲ್ಲ. ಮರಿ ಕುಂಯ್‌ಗುಟ್ಟುತ್ತ ಸುತ್ತು ಬಂದು ಕೈ ನೆಕ್ಕಿದರೆ ಮಾತ್ರ ತಿರುಗುತ್ತಿದ್ದರು.

“ಏ ಕಳ್ಳಾ, ಕೈ ಅದು, ಎಲುವಲ್ಲ!”

ಆಮೇಲೆ ಆ ಆಳಿನ ಕೈಯಿಂದಲೂ ತುತ್ತು ಹಾಕಿಸಿದರು. ಭಾವನ ಕೋಲನ್ನು ಮರಿ ಕಚ್ಚುತ್ತಲೇ ಇತ್ತು, ಹಾಗಾಗಿ ಅವರಿಗೆ ಅನುಮಾನ ಬರಲಿಲ್ಲ. ಕೋಲು ಬೇರೆ, ಮನುಷ್ಯ ಬೇರೆ ಎಂದು ಅದು ತಿಳಿದುಕೊಂಡಿತ್ತು.

ನನಗೆ ಭಯ. “ಕಾಕು, ಅವರಿಗೆ ಗೊತ್ತಾದ್ರ?”

“ಆಗ್ಲಿ ಬಿಡವಾ. ಇನ್ನೇನು ಕಸಗೋತಾರ ನನ್ನ ಕಡಿಂದ?”

ಮರಿ ಬೆಳೆದು ನಾಯಿಯಾಯಿತು. ಒಂದು ಬೇಸಿಗೆ ಕೇರಿಯ ಬೋರ್ವೆಲ್ ಕೆಟ್ಟಿತು. ಹೆಂಗಸರು ಕೊಡ ಹಿಡಿದು ಆ ಹಿತ್ತಲಿಗೆ ಬಂದರು. ಮುಂದೆ ಅದೇ ಆಳು, ಹೆಗಲ ಮೇಲೆ ಕಂಬಳಿ. ಭಾವ ನಾಯಿಯನ್ನು ಬಿಚ್ಚಿ, “ಹಿಡಿ!” ಎಂದರು.

ನಾಯಿ ಬೊಗಳುತ್ತ ನುಗ್ಗಿತು. ಹೆಂಗಸರು ಚೀರಿದರು. ಅದು ಕಂಬಳಿಯ ಅಂಚನ್ನು ಮೂಸಿತು... ಆ ಮನುಷ್ಯನ ಕಾಲ ಬಳಿ ಅಂಗಾತ ಬಿದ್ದು ಬಾಲ ಬಡಿಯಿತು.

“ಧಣ್ಯಾರ, ನಿಮ್ಮ ನಾಯಿಗೆ ನಮ್ಮ ಗುರ್ತ ಐತ್ರಿ,” ಎಂದಳು ಒಬ್ಬ ಮುದುಕಿ.

ಯಾರೋ ನಕ್ಕರು. ಅಷ್ಟರಲ್ಲಿ ಕಾಕು ಸೆರಗು ಬಿಗಿದು ಬಂದು, ಬಾವಿಯ ಹಗ್ಗವನ್ನು ಆ ಮುದುಕಿಯ ಕೈಗೇ ಕೊಟ್ಟರು. “ಸೇದ್ರಿ, ಯವ್ವಾ.”

ಅಂದು ಎಲ್ಲ ಕೊಡಗಳೂ ತುಂಬಿದವು.

ಮರುದಿನ ಭಾವ ನಾಯಿಯನ್ನು ಚೀಲದಲ್ಲಿ ಕಟ್ಟಿ ಮಲಪ್ರಭೆಯ ಆಚೆ ಬಿಟ್ಟುಬಂದರು. ಕಾಕುವನ್ನು ಕಟಕೋಳದ ತವರಿಗೆ ಅಟ್ಟಿದರು. ತವರೂ ಅವರನ್ನು ಬೇಡವಾದ ಭಾರದಂತೆ ಕಂಡಿತು. ಊರಲ್ಲಿ ಯಾರೂ ತಡೆದು ಕೇಳಲಿಲ್ಲ. ಮೌನವೂ ಒಂದು ತಪ್ಪೇ.

ಬಸ್ಸು ಏರುವ ಮುಂಚೆ ಕಾಕು ಆ ತುಂಡನ್ನು ನನ್ನ ಕೈಯಲ್ಲಿಟ್ಟರು. “ತಿರುಗಿ ಬಂದ್ರ ಹಾಸವಾ. ಅದಕ್ಕ ಇದರ ಮ್ಯಾಲ ನಿದ್ದಿ ಬರತೈತಿ.”

ನಾಯಿ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಕಾಕು ತೀರಿಕೊಂಡ ಸುದ್ದಿ ಬಂತು, ಮಣ್ಣು ಮುಗಿದ ಮೇಲೆ...

ನಿನ್ನೆ ಹೊಸ ಮರಿ ನನ್ನ ಹೆಬ್ಬೆರಳಿಗೆ ಹಲ್ಲೂರಿತು. ಮಗಳು ಹೊಡೆಯಲು ಕೈಯೆತ್ತಿದಳು, ನಾನು ತಡೆದೆ. “ಅಯ್ಯ!” ಎಂದು ಬೆನ್ನು ತಿರುಗಿಸಿ ಕುಳಿತೆ. ಬಹಳ ಹೊತ್ತು ಕಾದರೂ ನೆಕ್ಕಲು ಬರಲಿಲ್ಲ. ತಿರುಗಿ ನೋಡಿದರೆ ಮರಿ ಕಂಬಳಿಯ ತುಂಡಿನ ಮೇಲೆ ಮುದುಡಿ ನಿದ್ದೆ ಹೋಗಿತ್ತು. ಎಬ್ಬಿಸಲಿಲ್ಲ. ಅದು ಇನ್ನೊಂದು ನಾಯಿಗೆಂದು ಕಾದಿಟ್ಟ ಹಾಸಿಗೆ ಎಂದು ಯಾರಿಗೆ ಹೇಳಲಿ...