ಕೋಳಿಗೂಡಿನ ಕಂಬಳಿ

ಪಕ್ಕದ ಮನೆಯ ಹುಡುಗಿ ಕೋಳಿಗೂಡಿಗೆ ಹಳೇ ಕಂಬಳಿ ಹಾಸುತ್ತಿದ್ದಳು. ನೋಡಿದ್ದೇ ನನ್ನ ಕೈ ಕತ್ತಿಗೆ ಹೋಯಿತು.

ಮಹಾರಾಜರ ಕಾಲದಲ್ಲಿ, ಬಡವನಹಳ್ಳಿಯ ನಮ್ಮ ಹಿತ್ತಲಿನ ಗೂಡಿಗೆ ರಾಗಿಹುಲ್ಲು ಹಾಸಿ ಬೂದಿ ಎರಚುತ್ತಿದ್ದೆವು. ಒಂದು ಮಳೆಗಾಲ ಹುಲ್ಲು ಕೊಳೆತು ಹುಳ ಬಿತ್ತು. ಅಜ್ಜಿ ಅದನ್ನು ಬಾಚಿ ಎಸೆದು, ಕಾವಿಗೆ ಕೂತ ಕೋಳಿಯ ಕೆಳಗೆ ಮನೆಯ ಒಂದೇ ಕಂಬಳಿಯನ್ನು ಹಾಸಿದರು. ಮರಿಗಳಾದವು, ಕಂಬಳಿ ತುಂಬ ಹೇನೂ ಆದವು.

ಆ ವಾರವೇ ನನಗೆ ಚಳಿಜ್ವರ. ಅಜ್ಜಿ ಅದೇ ಕಂಬಳಿಯನ್ನು ಎರಡು ಸಲ ಒದರಿ ನನಗೆ ಹೊದಿಸಿದರು.

"ಕೋಳಿ ಹಿಕ್ಕೆ ಮೆತ್ಕೊಂಡೈತೆ, ಬ್ಯಾಡ ಕಣಜ್ಜಿ!" ಎಂದು ಅತ್ತುಬಿಟ್ಟೆ.

"ಕಂಬ್ಳಿಗೆಲ್ಲಿ ಮೈಲ್ಗೆ ಕಣಮ್ಮ? ಒದರ್ಬುಟ್ರೆ ಆಯ್ತು, ಸುಮ್ಕೆ ಹೊದ್ಕೊ."

ಆ ನಾತ! ಕತ್ತಿನ ಮೇಲೆ ಹೇನುಗಳು ಸಾಲುಗಟ್ಟಿ ಹರಿದವು.

"ಕಂಬಳಿ ಬೇಡ ಕಣೇ" ಎಂದೆ ಹುಡುಗಿಗೆ.

"ಆಮೇಲೆ ಒಗೆದ್ರೆ ಹೋಗುತ್ತೆ ಬಿಡಿ ಅಜ್ಜಿ" ಎಂದು ನಕ್ಕಳು.

ನಾನು ಕತ್ತು ಕೆರೆದುಕೊಳ್ಳುತ್ತಲೇ ಇದ್ದೆ.