ನಾಲ್ಕು ಗೇಣಿನ ಕಟ್ಲಾ

ಕೆಂಪಾಪುರದ ನಮ್ಮ ಮನೆಯಿಂದ ಹೊರಟಾಗ ಇನ್ನೂ ಬೀದಿ ದೀಪ ಆರಿರಲಿಲ್ಲ. ಆಷಾಢದ ಗಾಳಿ ಬೀಸುತ್ತಿತ್ತು, ಜೊತೆಗೆ ಛತ್ರಿ ಬಿಚ್ಚಬೇಕೋ ಬೇಡವೋ ತಿಳಿಯದಂಥ ತುಂತುರು. ಹೆಬ್ಬಾಳದವರೆಗೆ ನಡೆದೆ. ಹೋಗಬೇಕಾಗಿದ್ದದ್ದು ತುಮಕೂರು ರಸ್ತೆಯ ಮಾಕಳಿಗೆ. ಅಲ್ಲಿನ ಕೆರೆಯಲ್ಲಿ ಗಾಳ ಹಾಕಿ ಸಂಜೆಗೆ ವಾಪಸಾಗುವುದು, ಅಷ್ಟೇ. ಊರೊಳಗಿಂದ ಊರೊಳಗೇ ಹೋಗಿಬರುವುದಕ್ಕೂ ಪ್ರವಾಸ ಅನ್ನುತ್ತಾರಾ ಎಂದು ನನ್ನ ಹೆಂಡತಿ ಆಡಿಕೊಂಡಳು. ಹೆಬ್ಬಾಳದ ಜಂಕ್ಷನ್ ದಾಟುವುದೇ ಒಂದು ಪ್ರವಾಸ ಎಂಬುದು ಮನೆಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಆರ್.ಟಿ. ನಗರದ ಬಸ್ಸು ಬರುವವರೆಗೂ ಹೆಬ್ಬಾಳ ಕೆರೆಯ ಕಡೆ ನೋಡುತ್ತ ನಿಂತಿದ್ದೆ. ಈಗ ಅದಕ್ಕೆ ಬೇಲಿ ಇದೆ, ಗಾಳ ಹಾಕುವಂತಿಲ್ಲ. ಫ್ಲೈಓವರ್ ಬರುವ ಮೊದಲು ನಾವು ಭಾನುವಾರಗಳನ್ನು ಕಳೆದದ್ದು ಅದರ ದಂಡೆಯ ಮೇಲೆ. ನನಗೆ ಅಲ್ಲೇ ಹತ್ತಿರದಲ್ಲಿ ದನದ ಔಷಧಿಯ ಅಂಗಡಿ ಇತ್ತು. ಆರ್.ಟಿ. ನಗರದಿಂದ ಅನ್ವರ್ ಭಾಯ್ ಬರುತ್ತಿದ್ದರು. ಅವರದು ಸ್ಕೂಟರ್, ಆಟೊಗಳಿಗೆ ಸೀಟು ಹೊಲಿಯುವ ಅಂಗಡಿ. ಮಾಕಳಿಯಿಂದ ಬರುತ್ತಿದ್ದವನು ಗಂಗಣ್ಣ. ಆಗ ಹೊಲ ಉಳುತ್ತಿದ್ದ, ಈಗ ಅದೇ ಹೊಲದ ಮೇಲೆ ಮನೆ ಕಟ್ಟಿಸಿ ಮಾರುತ್ತಾನೆ.

ಗಾಳ ಹಾಕುವವರ ಬಾಯಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹೆತ್ತವರಿಗೆ ಹೆಗ್ಗಣ ಮುದ್ದು. ಅಂಗೈಯಗಲದ ಜಿಲೇಬಿ ಮೀನು ಮನೆ ತಲುಪುವಷ್ಟರಲ್ಲಿ ಮೊಳದುದ್ದ ಆಗಿರುತ್ತಿತ್ತು. ಗಂಗಣ್ಣ ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದ. ಮೀನನ್ನು ಎರಡೂ ಕೈಯಿಂದ ಮುಂದಕ್ಕೆ ಚಾಚಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದ, ಅದರಲ್ಲಿ ಮೀನಿನ ಹಿಂದೆ ಅವನು ಮಗುವಿನಂತೆ ಕಾಣುತ್ತಿದ್ದ. ಜಗಳ ಅತಿಯಾದಾಗ ನಮ್ಮಲ್ಲಿ ಒಂದು ಕಟ್ಟಳೆ ಬಂತು. ಹಿಡಿದವನು ಅಳೆಯಬಾರದು. ಅಳೆಯಬೇಕಾದದ್ದು ಅನ್ವರ್ ಭಾಯ್, ಅವರ ಬಲಗೈ ಗೇಣಿನಿಂದ. ಹೆಬ್ಬೆರಳು ಮೀನಿನ ಮೂತಿಗೆ, ಕಿರುಬೆರಳು ಬಾಲದ ಕಡೆಗೆ. ದಿನವಿಡೀ ರೆಕ್ಸಿನ್ ಅಳೆದ ಕೈ ಅದು, ಒಂಬತ್ತು ಅಂಗುಲಕ್ಕೆ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರು ಅಳತೆ ಹೇಳಿದ ಮೇಲೆ ಮಿಕ್ಕವರು ಕ್ಯಾತೆ ತೆಗೆಯಲೇಬೇಕು, ಅದೂ ಕಟ್ಟಳೆಯೇ. ಹಿಡಿದವನು ಕಡಿಮೆಯಾಯಿತು ಅನ್ನುತ್ತಿದ್ದ, ಉಳಿದವರು ಜಾಸ್ತಿಯಾಯಿತು ಅನ್ನುತ್ತಿದ್ದರು. ಅನ್ವರ್ ಭಾಯ್ ಬೀಡಿ ಹಚ್ಚುತ್ತಾ, "ಸತ್ತ ಮೀನು ಬೆಳೆಯಲ್ಲ ಕಣ್ರೋ," ಎಂದು ಮುಗಿಸಿಬಿಡುತ್ತಿದ್ದರು.

ಆ ಕೈ ಕಂಡ ಅತಿ ದೊಡ್ಡ ಮೀನು ಮೂರೂವರೆ ಗೇಣು. ಅದನ್ನು ಹಿಡಿದವನು ನಾನು. ಗಂಗಣ್ಣನ ಮನೆಯ ಹಜಾರದಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟಿರುವ ಫೋಟೊದ ಕಟ್ಲಾ ನಾಲ್ಕು ಗೇಣು ಎಂದು ಅವನು ನೆಂಟರಿಗೆಲ್ಲ ಹೇಳುತ್ತಾನೆ. ಅನ್ವರ್ ಭಾಯ್ ಅದಕ್ಕೆ ಕೊಟ್ಟದ್ದು ಮೂರು. ಬೇಡಿದರೂ ಒಂದು ಬೆರಳು ಸೇರಿಸಲಿಲ್ಲ.

ಆರ್.ಟಿ. ನಗರದಲ್ಲಿ ಇಳಿದು ಅವರ ಗಲ್ಲಿಗೆ ಹೋದೆ. ಕಳೆದ ವರ್ಷ ಅವರಿಗೆ ಲಕ್ವ ಹೊಡೆದಿತ್ತು. ಮಾತು ಸರಿಹೋಯಿತು, ಕಾಲು ಸರಿಹೋಯಿತು, ಬಲಗೈ ಮಾತ್ರ ಮಡಿಚಿಕೊಂಡೇ ಉಳಿಯಿತು. ಅವರ ಮಗ ಇಮ್ರಾನ್ ಗೇಟಿನ ಹೊರಗೇ ನನ್ನನ್ನು ನಿಲ್ಲಿಸಿದ.

"ಅಂಕಲ್, ಒಂದ್ನಿಮಿಷ. ಡಾಕ್ಟ್ರು ಕೈ ಇನ್ಮೇಲೆ ಇಷ್ಟೇ ಅಂದ್ಬಿಟ್ಟಿದಾರೆ. ಅಬ್ಬಾಗೆ ಹೇಳಿಲ್ಲ. ದಿನಾ ಬೆಳಗ್ಗೆ, ನಿನ್ನೆಗಿಂತ ಜಾಸ್ತಿ ಬಿಚ್ಕೊಂಡಿದೆ ಅಂತೀವಿ. ಅವ್ರೂ ನಂಬಿದಾರೆ. ನೀವೂ ಹಂಗೇ ಹೇಳ್ಬಿಡಿ, ಪ್ಲೀಸ್."

"ಅಂಗಡಿ?"

"ಮುಚ್ಚೇ ಇದೆ. ಬಾಡಿಗೆ ಕಟ್ತಾ ಇದೀನಿ. ಬಿಟ್ಬಿಡೋಣ ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ. ಏನಂತ ಹೇಳ್ಲಿ?"

ನಾನು ಆಗಲಿ ಎಂದೆ. ಮೀನಿನ ಉದ್ದದ ಬಗ್ಗೆ ಸುಳ್ಳು ಹೇಳಿ ಅಭ್ಯಾಸವಿದ್ದವನಿಗೆ ಕೈಯ ಬಗ್ಗೆ ಹೇಳುವುದು ಕಷ್ಟವಾಗಲಾರದು ಅಂದುಕೊಂಡೆ. ಅನ್ವರ್ ಭಾಯ್ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಸ್ವೆಟರ್ ತೊಟ್ಟು, ಬಲಗೈಯನ್ನು ಅದರ ಜೇಬಿನಲ್ಲಿಟ್ಟುಕೊಂಡು ಹೊರಗೆ ಬಂದರು. ಸೊಸೆ ಖೀಮಾ ಪರೋಟದ ಡಬ್ಬಿ ನನ್ನ ಚೀಲಕ್ಕೆ ಹಾಕಿದಳು.

ಯಶವಂತಪುರದ ಮೆಟ್ರೊ ನಿಲ್ದಾಣಕ್ಕೆ ಆಟೊದವನು ಇನ್ನೂರು ಕೇಳಿ ನೂರೈವತ್ತಕ್ಕೆ ಬಂದ. ಮೇಖ್ರಿ ವೃತ್ತದಲ್ಲಿ ಗಾಡಿಗಳು ಅಲ್ಲಾಡದೆ ನಿಂತಿದ್ದವು. ಅನ್ವರ್ ಭಾಯ್ ಆಟೊದ ಸೀಟನ್ನು ಎಡಗೈಯಿಂದ ಒಮ್ಮೆ ಸವರಿ, ಹೊಲಿಗೆ ನೋಡಿ, ಮುಖ ಹಿಂಡಿದರು. ಆಮೇಲೆ ಹೇಳಿದರು.

"ನಾಗರಾಜ್, ಇವತ್ತು ಒಂದು ಮೀನಿನ ಮೇಲೆ ಈ ಕೈ ಇಟ್ಟು ನೋಡ್ಬೇಕು ಕಣೋ. ಗೇಣು ಬಂತು ಅಂದ್ರೆ ಸೋಮವಾರ ಅಂಗಡಿ ಬಾಗ್ಲು ತೆಗೀತೀನಿ. ಮನೇಲಿ ಎಲ್ರೂ ಬಂತು ಬಂತು ಅಂತಾರೆ. ನಿಂಗೆ ಹೆಂಗೆ ಕಾಣ್ತದೆ?"

ಜೇಬಿನಿಂದ ಕೈ ತೆಗೆದು ತೋರಿಸಿದರು. ಹೆಬ್ಬೆರಳು ಸ್ವಲ್ಪ ಆಚೆ ಸರಿಯಿತು. ಮಿಕ್ಕ ಬೆರಳುಗಳು ಅರ್ಧಕ್ಕೆ ನಿಂತವು.

"ಪರವಾಗಿಲ್ಲ ಭಾಯ್, ಹೋದ ಸಲಕ್ಕಿಂತ ಎಷ್ಟೋ ಬಿಚ್ಚಿದೆ," ಎಂದೆ. ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

ಮೆಟ್ರೊ ನಿಲ್ದಾಣದಲ್ಲಿ ಚೀಲ ನೋಡುವ ಹುಡುಗಿ ನನ್ನ ಇನ್ನೊಂದು ಡಬ್ಬಿ ತೆಗೆಸಿದಳು. ಅದರಲ್ಲಿ ಕಡಲೆಕಾಯಿ ಹಿಂಡಿಗೆ ಮೈದಾ, ಏಲಕ್ಕಿ ಸೇರಿಸಿ ನಾದಿದ ಉಂಡೆ ಇತ್ತು, ಗಾಳಕ್ಕೆ ಚುಚ್ಚಲು. ಗಾಳ, ದಾರಗಳೆಲ್ಲ ಗಂಗಣ್ಣನ ಮನೆಯಲ್ಲೇ ಇರುತ್ತವೆ. "ಏನ್ ಸಾರ್ ಇದು, ಸ್ವೀಟಾ?" ಎಂದು ಕೇಳಿದಳು. "ಮೀನಿಗೆ," ಎಂದೆ. ಮೂಸಿ ನೋಡಿ, ತಕ್ಷಣ ಮುಚ್ಚಿ ಕೊಟ್ಟಳು.

ಹಸಿರು ಮಾರ್ಗದ ರೈಲು ಪೀಣ್ಯ, ದಾಸರಹಳ್ಳಿಗಳ ಮೇಲೆ ಹೋಗುವಾಗ ಕೆಳಗೆ ತಗಡಿನ ಚಾವಣಿಗಳು ನೆಂದು ಕಪ್ಪಾಗಿದ್ದವು. ನಾಗಸಂದ್ರ ದಾಟಿದ ಮೇಲೆ ಬೋಗಿಯಲ್ಲಿ ನಾವಿಬ್ಬರೇ ಅನ್ನುವಷ್ಟು ಖಾಲಿ. ಕೊನೆಯ ನಿಲ್ದಾಣ ಮಾದಾವರದಲ್ಲಿ ಇಳಿದು ಒಂದು ದರ್ಶಿನಿಯಲ್ಲಿ ಇಡ್ಲಿ ತಿಂದೆವು. ಅನ್ವರ್ ಭಾಯ್ ಬಲಗೈಯಲ್ಲೇ ತಿನ್ನಬೇಕೆಂದು ಹಟ ಹಿಡಿದರು. ಚಟ್ನಿ ಸ್ವೆಟರ್ ಮೇಲೆ ಬಿತ್ತು. ನಾನು ಕಿಟಕಿಯಾಚೆ ನೋಡುತ್ತ ಲಾರಿಗಳನ್ನು ಗಮನಿಸುವವನಂತೆ ಕೂತೆ.

ಮಾಕಳಿಯಲ್ಲಿ ಗಂಗಣ್ಣ ಕೆರೆ ಏರಿಯ ಮೇಲೆ ಕಾಯುತ್ತಿದ್ದ. ಕೊರಳಲ್ಲಿ ಚಿನ್ನದ ಸರ, ಕಾಲಲ್ಲಿ ಮಾತ್ರ ಹಳೆಯ ಹವಾಯಿ ಚಪ್ಪಲಿ.

"ಬನ್ರಿ ಸಾಬ್ರೇ! ಎಂಗಿದೀರಾ? ಕೈ ಎಂಗೈತೆ? ನೀವು ಬರ್ದೆ ನನ್ ಮೀನ್ಗಳಿಗೆಲ್ಲಾ ಅಳ್ತೆನೇ ಇಲ್ದಂಗಾಗೈತೆ."

"ಅಳತೆ ಇಲ್ಲ ಅಂತ ನೀನು ಸುಮ್ನಿದ್ಯಾ?" ಎಂದು ಅನ್ವರ್ ಭಾಯ್ ಕೇಳಿದರು. "ಊರೆಲ್ಲಾ ಎಷ್ಟಂತ ಸಾರಿದೀಯೋ."

"ಐದ್ ಗೇಣು," ಎಂದು ನಾನು ಸೇರಿಸಿದೆ. ಮೂವರೂ ನಕ್ಕೆವು. ಇಡೀ ದಿನದಲ್ಲಿ ನಾವು ಸರಿಯಾಗಿ ನಕ್ಕದ್ದು ಅಷ್ಟೇ.

ಕೆರೆಯ ನೀರು ಬೂದಿ ಬಣ್ಣಕ್ಕಿತ್ತು. ಆಚೆ ದಡದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿತ್ತು, ಕಾಂಕ್ರೀಟ್ ಕಲಸುವ ಸದ್ದು ನೀರಿನ ಮೇಲೆ ಬರುತ್ತಿತ್ತು. ಗಾಳಿಗೆ ಗಾಳದ ಬೆಂಡು ಕುಣಿಯುತ್ತಿದ್ದುದರಿಂದ ಮೀನು ಕಚ್ಚಿದ್ದು ಯಾವುದು, ಅಲೆ ಎಳೆದದ್ದು ಯಾವುದು ತಿಳಿಯುತ್ತಿರಲಿಲ್ಲ. ನನಗೆ ಎರಡು ಜಿಲೇಬಿ ಸಿಕ್ಕವು. ಅಳೆಯುವ ಯೋಗ್ಯತೆ ಅವಕ್ಕಿರಲಿಲ್ಲ. ತಣ್ಣಗಾದ ಪರೋಟ ತಿಂದೆವು. ಅನ್ವರ್ ಭಾಯ್ ಗೋಣಿಚೀಲದ ಮೇಲೆ ಕೂತು, ಮಂಡಿಯ ಮೇಲೆ ಬಲಗೈ ಇಟ್ಟು, ಎಡಗೈಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸುತ್ತಿದ್ದರು. ಅವರು ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ಮೀನು ಸಿಗದಿದ್ದರೆ ಚೆನ್ನ ಎಂದು ಗಾಳ ಹಾಕಿ ಕೂತು ನಾನು ಹಾರೈಸಿದ್ದು ಅವತ್ತೇ ಮೊದಲು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಗಣ್ಣನ ಕೋಲು ಬಗ್ಗಿತು. ಅವನು ಬೈಯುತ್ತ, ಹಿಂದೆ ಮುಂದೆ ಓಡಾಡುತ್ತ, ದಾರ ಬಿಟ್ಟು ಎಳೆದು, ಕೊನೆಗೆ ಬಲೆಗೆ ಹಾಕಿ ದಡಕ್ಕೆ ತಂದದ್ದು ಒಂದು ಕಟ್ಲಾ. ಒಳ್ಳೆಯ ಮೀನೇ, ಆದರೆ ಮೂರು ಗೇಣು ಇಲ್ಲವೆಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಗಂಗಣ್ಣನಿಗೂ ಗೊತ್ತಾಗಿತ್ತು. ಸುಳ್ಳು ಹೇಳುವವನಿಗೆ ನಿಜವಾದ ಅಳತೆ ಮೊದಲು ತಿಳಿದಿರಬೇಕಾಗುತ್ತದೆ.

ಮೀನನ್ನು ಒದ್ದೆ ಗೋಣಿಯ ಮೇಲೆ ಮಲಗಿಸಿದೆವು. ಅನ್ವರ್ ಭಾಯ್ ಮಂಡಿಯೂರಿ ಕೂತು ಹೆಬ್ಬೆರಳನ್ನು ಮೂತಿಗೆ ಇಟ್ಟರು. ಬೆರಳುಗಳು ಹೊರಟು ನಡುವೆಯೇ ನಿಂತವು. ಅವರ ಹಣೆಯಲ್ಲಿ ನರ ಉಬ್ಬಿತು. "ಏಕ್," ಎಂದರು. ಎಣಿಸುವುದು ಅವರಿಗೆ ಯಾವಾಗಲೂ ಮನೆ ಮಾತಿನಲ್ಲೇ. "ದೋ." ನಾನು ಗಂಗಣ್ಣನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. "ತೀನ್." ಇನ್ನೂ ಬಾಲ ಉಳಿದಿತ್ತು.

"ಚಾರ್," ಎಂದು ಅನ್ವರ್ ಭಾಯ್ ಕೈ ತೆಗೆದರು. "ನಾಲ್ಕು ಗೇಣು."

ಅಷ್ಟು ವರ್ಷ ಗಂಗಣ್ಣ ಬೇಡಿಕೊಂಡಿದ್ದ ಮಾತು ಅದು. ಅವನು ಕುಣಿಯಬೇಕಿತ್ತು, ಫೋಟೊ ತೆಗೆಸಿಕೊಳ್ಳಬೇಕಿತ್ತು. ನನ್ನ ಮೂರೂವರೆ ಮಣ್ಣುಪಾಲಾದದ್ದಕ್ಕೆ ನಾನು ಕಿರುಚಾಡಬೇಕಿತ್ತು.

"ಆಯ್ತು ಸಾಬ್ರೇ. ನಾಕು," ಎಂದ ಗಂಗಣ್ಣ, ಮೆಲ್ಲಗೆ.

"ಹೌದು ಭಾಯ್, ನಾಲ್ಕು," ಎಂದೆ ನಾನು.

ಅನ್ವರ್ ಭಾಯ್ ನಮ್ಮಿಬ್ಬರ ಮುಖವನ್ನೂ ನೋಡಿದರು. "ಯಾರೂ ಜಗಳ ಆಡಲ್ವಾ?" ಎಂದು ಕೇಳಿದರು. ಆಚೆ ದಡದ ಯಂತ್ರ ತಿರುಗುತ್ತಲೇ ಇತ್ತು. ಅವರು ಎಡಗೈಯನ್ನು ನಿಧಾನವಾಗಿ ಪೂರ್ತಿ ಬಿಚ್ಚಿ ಮೀನಿನ ಮೇಲೆ ಇಟ್ಟರು. ಒಂದು. ಎರಡು. ಮೂರನೆಯದು ತುಂಬಲಿಲ್ಲ. "ಎರಡೂ ಮುಕ್ಕಾಲು," ಎಂದು, ಹಿಂದೆ ನಮ್ಮ ಮೀನುಗಳಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಪಕ್ಕದಲ್ಲೇ ಎಡಗೈ ಇತ್ತು, ಯಾವ ದಿನ ಬೇಕಾದರೂ ಜೋಡಿಸಿ ನೋಡಬಹುದಿತ್ತು. ನಾನು ಅದನ್ನೇ ಯೋಚಿಸುತ್ತಿದ್ದೇನೆಂದು ಅವರಿಗೆ ತಿಳಿಯಿತೇನೋ.

"ಗೊತ್ತಿತ್ತು ಕಣೋ," ಎಂದರು. "ಊರವರ ಮೀನೆಲ್ಲಾ ಅಳೆದೆ. ಈ ಕೈಯೊಂದನ್ನ ಅಳೆಯೋಕೆ ಧೈರ್ಯ ಬರ್ಲಿಲ್ಲ." ಕೈಯನ್ನು ಮತ್ತೆ ಜೇಬಿಗೆ ಸೇರಿಸಿದರು. ಗಂಗಣ್ಣ ಅಳುತ್ತಿದ್ದ. ಅವನ ಅಳು ಕೂಡ ದೊಡ್ಡದೇ, ಆದರೆ ಅವತ್ತು ಅದರಲ್ಲಿ ಬೆರಕೆ ಇರಲಿಲ್ಲ.

"ಸೋಮವಾರ ಅಂಗಡಿ..." ಎಂದು ನಾನು ಏನೋ ಹೇಳಲು ಹೋದೆ.

"ಸುಮ್ನಿರು," ಎಂದರು. ಆಮೇಲೆ ಗಂಗಣ್ಣನಿಗೆ, "ಮೀನು ನನಗೆ ಕೊಡ್ತೀಯಾ? ಇಲ್ಲೇ ತುಂಡು ಮಾಡಿ ಕೊಡು. ಪೂರ್ತಿ," ಎಂದರು.

ಸೊಸೆಗೆ ಕೆಲಸ ಕಡಿಮೆಯಾಗಲೆಂದು ಕೇಳುತ್ತಿದ್ದಾರೆ ಅಂದುಕೊಂಡೆ. ಗಂಗಣ್ಣ ಏರಿಯ ಕಲ್ಲಿನ ಮೇಲೆ ಮೀನನ್ನು ಕತ್ತರಿಸಿ, ತಲೆ, ಬಾಲ ಎಲ್ಲವನ್ನೂ ಸೇರಿಸಿ ಕವರಿಗೆ ಹಾಕಿದ. ನಮ್ಮನ್ನು ತನ್ನ ಕಾರಿನಲ್ಲೇ ಮಾದಾವರದವರೆಗೆ ಬಿಟ್ಟ. ದಾರಿಯಲ್ಲಿ ಯಾವ ಕಥೆಯನ್ನೂ ಹೇಳಲಿಲ್ಲ.

ವಾಪಸಿನ ರೈಲಿನಲ್ಲಿ ಜನ ತುಂಬಿದ್ದರು. ಒಬ್ಬ ಹುಡುಗ ಎದ್ದು ಅನ್ವರ್ ಭಾಯ್‌ಗೆ ಜಾಗ ಕೊಟ್ಟ. ಮೀನಿನ ವಾಸನೆಗೆ ಅಕ್ಕಪಕ್ಕದವರು ಮುಖ ತಿರುಗಿಸಿದರು. ಅವರು ಕವರನ್ನು ತೊಡೆಯ ಮೇಲಿಟ್ಟುಕೊಂಡು ಯಶವಂತಪುರದವರೆಗೆ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಮಾಡಿರಲಿಲ್ಲ. ಬೆಳಗ್ಗೆ ಹೇಳಿದ ಸುಳ್ಳಿಗೆ ಕ್ಷಮೆ ಕೇಳಬೇಕು ಅಂದುಕೊಳ್ಳುತ್ತಲೇ ನಾನು ಬಾಗಿಲ ಮೇಲಿನ ನಿಲ್ದಾಣಗಳ ಹೆಸರು ಓದುತ್ತ ನಿಂತೆ.

ಆರ್.ಟಿ. ನಗರದ ಗೇಟಿನಲ್ಲಿ ಇಮ್ರಾನ್ ನಿಂತಿದ್ದ. ಅವನ ಕಣ್ಣು ಮೊದಲು ನನ್ನ ಕಡೆ ಬಂತು, ಆಮೇಲೆ ಅಪ್ಪನ ಕಡೆ ಹೋಯಿತು.

"ಏನಾಯ್ತು ಅಬ್ಬಾ? ಸಿಕ್ತಾ?"

"ಗಂಗಣ್ಣನಿಗೆ ಸಿಕ್ತು. ಕಟ್ಲಾ. ಈ ಕೈಯಲ್ಲೇ ಅಳೆದೆ," ಎಂದು ಅನ್ವರ್ ಭಾಯ್ ಜೇಬಿನ ಮೇಲೆ ತಟ್ಟಿದರು. "ನಾಲ್ಕು ಗೇಣು ಬೇಟಾ. ಬೇಕಾದ್ರೆ ನಾಗರಾಜ್‌ನ ಕೇಳು."

"ನಾಲ್ಕು," ಎಂದೆ.

ಇಮ್ರಾನ್ ಕವರಿನ ಬಾಯಿ ಬಿಡಿಸಿ ನೋಡಿದ. ಒಳಗೆ ತುಂಡುಗಳಿದ್ದವು. ಇನ್ನು ಯಾರೂ ಅದನ್ನು ಅಳೆಯುವಂತಿರಲಿಲ್ಲ.

"ಕೈ ಬಂದಿದೆ," ಎಂದರು ಅವರು. "ಆದ್ರೆ ಅಂಗಡಿ ಮಾತ್ರ ಸಾಕು ಕಣೋ, ಬಿಟ್ಬಿಡು. ನಂಗೇ ಮನಸ್ಸಿಲ್ಲ. ಇಷ್ಟ್ ದಿನ ದುಡಿದದ್ದು ಸಾಲ್ದಾ?"

ಇಮ್ರಾನ್ ಹೂಂ ಎಂದು ತಲೆಯಾಡಿಸಿದ. ಹೊರೆ ಇಳಿಸಿದವನಂತೆ ಅವನ ಹೆಗಲು ಸಡಿಲವಾದದ್ದು ನನಗೆ ಕಂಡಿತು. ಅವನು ಕವರ್ ಹಿಡಿದು ಬೇಗ ಒಳಗೆ ನಡೆದ. ಅನ್ವರ್ ಭಾಯ್ ನನಗೆ ಎಡಗೈ ಎತ್ತಿ ಹೋಗಿ ಬಾ ಎಂದರು. ನಾನು ಗಲ್ಲಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವರು ಇನ್ನೂ ಗೇಟಿನಲ್ಲೇ ಇದ್ದರು, ತುಂತುರಿನಲ್ಲಿ, ಬಲಗೈ ಸ್ವೆಟರಿನೊಳಗೆ. ಸತ್ತ ಮೀನು ಬೆಳೆಯುವುದಿಲ್ಲ ಎಂದು ಜೀವಮಾನವಿಡೀ ಹೇಳಿದ ಮನುಷ್ಯ, ಮಗನಿಗಾಗಿ ಅದನ್ನು ಒಂದೂಕಾಲು ಗೇಣು ಬೆಳೆಸಿದ್ದರು.