ಗಣಿತ ಪರೀಕ್ಷೆಯ ಹಿಂದಿನ ದಿನದ ಚಹಾ

"ಅಡಗಿ ಎಲ್ಲಾ ಬರ್ತದೇನವಾ?" ಎಂದು ಮಾನ್ವಿಯಿಂದ ಕನ್ಯೆ ನೋಡಲು ಬಂದ ಹಿರಿಯರು ಕೇಳಿದರು. ದೇವದುರ್ಗದ ನಮ್ಮ ಪಕ್ಕದ ಮನೆಯ ಹುಡುಗಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಮರುದಿನ ಬೆಳಿಗ್ಗೆ ಅವಳಿಗೆ ದ್ವಿತೀಯ ಪಿಯುಸಿ ಗಣಿತ ಪರೀಕ್ಷೆ.

"ಅಡಗಿ ಬರ್ತದ್ರೀ. ಗಣಿತದಾಗ ಇನ್ನೂ ಎರಡು ಪಾಠ ಉಳದಾವ. ನೀವು ಲಗೂನ ಚಾ ಕುಡದ್ರ ಹೋಗಿ ಓದ್ತೀನ್ರೀ" ಎಂದಳು.

ನೆರೆಯವನೆಂದು ನನ್ನನ್ನೂ ಕರೆದು ಕೂರಿಸಿದ್ದ ಆ ಸಭೆ ಗಂಭೀರವಾಯಿತು. ಇಂಥ ಶುಭಮುಹೂರ್ತ ಹುಡುಕಿದ ಅವಳ ತಂದೆಯನ್ನು ಹೊರಗೆ ಕರೆದು, ಏನಿದು ಎಂದು ಕೇಳಿದೆ.

"ಪರೀಕ್ಷಾ ನಡುವ ಎರಡು ದಿನ ರಜಾ ಕೊಟ್ಟಾರ್ರೀ ಸರ. ಹುಡುಗಿ ಖಾಲಿ ಕುಂತಿದ್ಲು. ಟೈಮ್ ಯಾಕ ವೇಸ್ಟ್ ಮಾಡೋದಂತ ಕರಸೀನಿ."

ವೇಳೆಯ ಸದುಪಯೋಗದಲ್ಲಿ ಇಷ್ಟು ನಿಷ್ಠೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಖಾಲಿ ಕುಳಿತಿದ್ದಳಂತೆ, ಪುಸ್ತಕ ಹಿಡಿದುಕೊಂಡು.

ಒಳಗೆ ಬಂದು ಬಿಸಿ ಚಹಾವನ್ನು ಒಂದೇ ಉಸಿರಿಗೆ ಕುಡಿದು ಎದ್ದು ನಿಂತೆ. ಬೇರೆ ಯಾರೂ ಏಳಲಿಲ್ಲ. ಹಿರಿಯರು ಸಾವಕಾಶವಾಗಿ ಚಹಾವನ್ನು ಬಸಿಗೆ ಸುರುವಿ ಆರಿಸುತ್ತಿದ್ದರು. ಹುಡುಗಿ ಆ ಬಸಿಯನ್ನೇ ನೋಡುತ್ತ ನಿಂತಿದ್ದಳು.

ಸುಟ್ಟ ನಾಲಿಗೆ ಬೇಗ ವಾಸಿಯಾಯಿತು. ಯಾರಾದರೂ ಬಸಿಯಲ್ಲಿ ಚಹಾ ಆರಿಸಿ ಕುಡಿಯುವುದು ಕಂಡರೆ ಮಾತ್ರ ನನಗೆ ಈಗಲೂ ಸಿಟ್ಟು ಬರುತ್ತದೆ.